ಗೆರೆಯಕ್ಕನೂ ಮುನ್ನೂರ ನಲವತ್ತು ಪಿ.ಸಿ.ಯೂ

ನೀರು ಸರಬರಾಜು ಕಚೇರಿಯ ಉಗ್ರಾಣದಲ್ಲಿ ಇಪ್ಪತ್ತೊಂದು ವರ್ಷ ದುಡಿದ ಆ ಹೆಂಗಸನ್ನು ಎಲ್ಲರೂ ಗೆರೆಯಕ್ಕ ಅಂತಲೇ ಕರೆಯೋದು. ಕಸ ಗುಡಿಸೋಕೆ ಸೇರಿದವಳು. ಡಬ್ಬಗಳ ಮೇಲಿನ ಇಂಗ್ಲಿಷ್ ಅಕ್ಷರ ಆಗ ಅವಳಿಗೆ ಓದೋಕೆ ಬರುತ್ತಿರಲಿಲ್ಲ, ಕೇಳಿದರೆ ನಗುವವರೇ ಎಲ್ಲ. ನಕ್ಕರೆ ನಗಲಿ! ಬಂದ ಸಾಮಾನನ್ನು ಉದ್ದ ಪುಸ್ತಕದ ಹಾಳೆ ಮೇಲಿಟ್ಟು ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಳು. ಎಷ್ಟು ಬಂತು, ಎಷ್ಟು ಹೋಯಿತು ಅಂತ ಪಕ್ಕದಲ್ಲಿ ಗುರುತು ಹಾಕಿದಳು. ಆಮೇಲೆ ಓದೋಕೆ ಕಲಿತಳು, ಉಗ್ರಾಣದ ಬೀಗದ ಕೈಯೂ ಅವಳ ಸೊಂಟಕ್ಕೇ ಬಂತು. ಗೆರೆ ಎಳೆಯೋ ಚಟ ಮಾತ್ರ ಬಿಡಲಿಲ್ಲ.

ಆಗ ಬಂದ ನೋಡಿ, ಹೊಸ ಸಾಹೇಬ. ಬಂದವನೇ ಸಾಮಾನಿನ ಚೀಟಿಗಳನ್ನೆಲ್ಲ ಹೊತ್ತೊಯ್ದು ಮಹಡಿ ಮೇಲೆ ಕಂಪ್ಯೂಟರಿಗೆ ಹಾಕಿಸಿದ. ಮೂರು ವಾರಕ್ಕೆ ದೊಡ್ಡ ಪಂಪು ಕೆಟ್ಟಿತು. ಪಂಪನ್ನೂ ಮೋಟಾರನ್ನೂ ಸೇರಿಸೋ ಉಕ್ಕಿನ ಕಪ್ಲಿಂಗ್ ಸೀಳಿಹೋಗಿತ್ತು.

"ಹೊಸದೊಂದು ಕೊಡು" ಅಂದ ಸಾಹೇಬ.

"ಒಂದೂ ಇಲ್ಲ ಸಾರ್. ತರಿಸಿ ಅಂತ ಎರಡು ಸಲ ಬರೆದು ಕೊಟ್ಟಿದ್ದೆ."

"ಏನು, ಇಲ್ವಾ? ಕಂಪ್ಯೂಟರಿನಲ್ಲಿ ಮುನ್ನೂರ ನಲವತ್ತಿದೆ!"

ಹುಡುಕಿದರು. ಒಂದೂ ಸಿಗಲಿಲ್ಲ. ಅಂಗಳದಲ್ಲಿ ಎಲ್ಲರ ಎದುರಿಗೇ ಅವನು, "ಕಳ್ಳಿ! ಗುಜರಿಗೆ ಮಾರ್ಕೊಂಡಿದ್ದಾಳೆ" ಅಂತ ಕೂಗಾಡಿದ. ಅಷ್ಟು ಕಪ್ಲಿಂಗ್ ಸಾಗಿಸೋಕೆ ನಾಲ್ಕು ಲಾರಿ ಬೇಕು ಅನ್ನೋದು ಆ ಪುಣ್ಯಾತ್ಮನ ತಲೆಗೆ ಹೊಳೀಲಿಲ್ಲ. ಗುರುವಾರ ವಿಚಾರಣೆ. ತಪ್ಪು ಸಾಬೀತಾದರೆ ಕೆಲಸವೂ ಹೋಯಿತು, ಮಾನವೂ ಹೋಯಿತು.

ಮನೆಯಲ್ಲಿ ಗಂಡ ತಟ್ಟೆ ಮುಂದೆ ಕೂತು, "ಕಾಲಿಗೆ ಬಿದ್ದು ಬಿಡೇ, ಕೆಲಸನಾದ್ರೂ ಉಳಿಯತ್ತೆ" ಅಂದ. ಅತ್ತೆ ಅವನನ್ನೇ ಗದರಿಸಿದಳು: "ಸುಮ್ನಿರೋ! ಅವಳು ಕದಿಯೋಳಾಗಿದ್ರೆ ನಮ್ಮನೆ ಹೀಗ್ಯಾಕೆ ಇರ್ತಿತ್ತು?" ಗೆರೆಯಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಊಟ ಸೇರಲಿಲ್ಲ.

ಗುರುವಾರ ಮೇಲಿನ ಕಚೇರಿಯಿಂದ ತನಿಖೆಯಮ್ಮ ಬಂದರು. ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಉಗ್ರಾಣದ ಮುಂಭಾಗದಲ್ಲೇ ಮೇಜು ಹಾಕಿಸಿದರು. ಸಾಹೇಬ ಎದುರಿಗೆ ಕೂತ. ಬಾಗಿಲಲ್ಲಿ ಕೆಲಸದವರೆಲ್ಲ ಕತ್ತು ಚಾಚಿ ನಿಂತರು.

"ಒಂದು ಸಲ ಆ ಕಂಪ್ಯೂಟರಿನ ಪಟ್ಟಿ ತೋರಿಸಿ ತಾಯಿ" ಅಂದಳು ಗೆರೆಯಕ್ಕ. ಅವಳು ಅದನ್ನು ನೋಡಿದ್ದೇ ಆವತ್ತು. ಪಟ್ಟಿಯಲ್ಲಿ ಎಲ್ಲ ಸಾಮಾನಿಗೂ ಎರಡೆರಡೇ ಅಕ್ಷರ. ಕಪ್ಲಿಂಗ್ ಅನ್ನೋ ಮಾತೇ ಎಲ್ಲೂ ಇಲ್ಲ. "ಪಿ.ಸಿ. – 340" ಅಂತ ಒಂದು ಸಾಲು, ಅಷ್ಟೇ. ನೋಡಿದ್ದೇ ತಡ, ಎದೆ ಮೇಲಿನ ಬಂಡೆ ಇಳಿದ ಹಾಗಾಯಿತು ಅವಳಿಗೆ.

"ಪಿ.ಸಿ. ಅಂದ್ರೆ ಏನು ಸಾರ್?"

"ಪಂಪ್ ಕಪ್ಲಿಂಗ್. ಇನ್ನೇನು?"

"ಬನ್ನಿ ತಾಯಿ" ಅಂದವಳೇ ಪುಸ್ತಕ ಬಗಲಿಗಿಟ್ಟು ಹೊರಟಳು. ಮೊದಲ ಕಪಾಟಿನಿಂದ ಒಂದು ಪೈಪ್ ಕ್ಲ್ಯಾಂಪ್ ತೆಗೆದು, ಹಾಳೆಯ ಗೆರೆಯೊಳಗೆ ಕೂರಿಸಿ ತೋರಿಸಿದಳು. ಸರಿಯಾಗಿ ಕೂತಿತು. "ಇದೂ ಪಿ.ಸಿ. ನೂರ ನಲವತ್ತು, ಎಣಿಸಿ." ಮುಂದಿನದು ಪೈಪ್ ಕ್ಯಾಪ್, ತೊಂಬತ್ತು. ಅದರ ಪಕ್ಕ ಪೇಪರ್ ಕಪ್, ತೊಂಬತ್ತಾರು. ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೊನೆಗೆ ಪ್ಲಾಸ್ಟಿಕ್ ಚೇರು. ಹಾಳೆಯಲ್ಲಿ ಬರೀ ನಾಲ್ಕು ಕಾಲಿನ ಗುರುತು. ಪಂಪ್ ಕಪ್ಲಿಂಗಿನ ಹಾಳೆಯಲ್ಲಿ ಮಾತ್ರ ಉಳಿದದ್ದು ಸೊನ್ನೆ.

ತನಿಖೆಯಮ್ಮ ಚೇರು ಎಣಿಸಿದರು. ಹದಿಮೂರು. ಕೂಡಿದರು. ಮುನ್ನೂರ ಮೂವತ್ತೊಂಬತ್ತು.

"ನೋಡಿದ್ರಾ!" ಸಾಹೇಬ ಕೂತಲ್ಲಿಂದಲೇ ಮೇಜು ಗುದ್ದಿದ. "ಒಂದು ಕಡಿಮೆ! ಕದ್ದಿದ್ದು ಕದ್ದಿದ್ದೇ!"

ಗೆರೆಯಕ್ಕ ಕಪಾಟು ನೋಡಿದಳು, ಮೂಲೆ ನೋಡಿದಳು, ಆಮೇಲೆ ಸಾಹೇಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸ್ವಲ್ಪ ಏಳ್ತೀರಾ ಸಾರ್?"

"ಯಾಕೆ?"

"ನೀವು ಕೂತಿರೋದು ಹದಿನಾಲ್ಕನೇದು."

ಅಯ್ಯೋ, ಆ ನಗು! ತಗಡಿನ ಸೂರು ಹಾರಿಹೋಗಬೇಕಿತ್ತು. ಗೆರೆಯಕ್ಕ ಚೇರು ಬೋರಲು ಹಾಕಿ, ತಳದಲ್ಲಿ ತಾನೇ ಬಣ್ಣದಲ್ಲಿ ಬರೆದ ಅಂಕಿ ತೋರಿಸಿದಳು. ಸಾಹೇಬ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

ತನಿಖೆಯಮ್ಮ ಕಡತದಲ್ಲಿ ಎರಡಕ್ಷರ ಬರೆದು ಸಹಿ ಹಾಕೋಕೆ ಹೋದರು.

"ಅದೇನು ತಾಯಿ?"

"ಆ.ವ. 'ಆರೋಪ ವಜಾ' ಅಂತ. ನಾವು ಹೀಗೇ ಬರೆಯೋದು."

"ಬೇಡ ತಾಯಿ. ಕಳ್ಳಿ ಅನ್ನೋವಾಗ ಪೂರ್ತಿ ಬಾಯ್ತುಂಬಾ ಅಂದಿದ್ದಾರೆ. ಇದನ್ನೂ ಪೂರ್ತಿ ಬರೀರಿ."

ತನಿಖೆಯಮ್ಮ ಮೊದಲ ಸಲ ನಕ್ಕರು. ಎರಡಕ್ಷರ ಹೊಡೆದುಹಾಕಿ, ದುಂಡಗೆ ಬರೆದರು: ಈಕೆ ಏನನ್ನೂ ಕದ್ದಿಲ್ಲ, ಈಕೆಯ ಲೆಕ್ಕದಲ್ಲಿ ಒಂದು ಪೇಪರ್ ಕಪ್ಪೂ ಕಡಿಮೆಯಿಲ್ಲ, ತಪ್ಪು ಪಟ್ಟಿಯದು. ಬರೆದು ಕಡತವನ್ನು ಸಾಹೇಬನ ಕೈಗೆ ಕೊಟ್ಟು, "ಎಲ್ಲರಿಗೂ ಕೇಳೋ ಹಾಗೆ ಓದಿ" ಅಂದರು.

ಓದಿದ. ಮೆಲ್ಲಗೆ, ತಲೆ ತಗ್ಗಿಸಿಕೊಂಡು, ಅಂತೂ ಓದಿ ಮುಗಿಸಿದ.

ಗೆರೆಯಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನೆಟ್ಟಗೆ ನಿಂತಳು.

"ಇನ್ನೊಂದು ಸಲ ಓದಿ ಸಾರ್" ಅಂದಳು. "ಹಿಂದೆ ನಿಂತೋರಿಗೆ ಕೇಳಿಸಲಿಲ್ಲ."