ರೊಕ್ಕ ಎಲ್ಲಿ ಇಡ್ತೀರಿ ಎಂದು ಕೇಳಿದ ಹುಡುಗಿ

ಗಂಗಾವತಿಗೆ ಬಂದ ಮರುದಿನ ಬೆಳಗ್ಗೆ ಬಾಗಿಲಲ್ಲಿ ಕುಳಿತು ಹಲ್ಲುಜ್ಜುತ್ತಿದ್ದೆ. ಮನೆ ಮಾಲೀಕರ ಮಗಳು ಹಾಳೆಗಳ ಕಟ್ಟು ಹಿಡಿದು ಎದುರಿಗೆ ಬಂದು ನಿಂತಳು. ಯಾವೂರು ಎಂದು ಕೇಳಲಿಲ್ಲ, ಚಹಾ ಆಯಿತೇ ಎನ್ನಲಿಲ್ಲ.

“ಅಜ್ಜಾರ, ನೀವು ರೊಕ್ಕ ಎಲ್ಲಿ ಇಡ್ತೀರಿ?”

ನಮ್ಮ ಕುಷ್ಟಗಿ ಕಡೆ ಹೀಗೆ ಕೇಳಿದವರನ್ನು ಊರ ಗಡಿ ದಾಟಿಸಿ ಬರುತ್ತಾರೆ. ನಾನು ಬಾಯಿ ಮುಕ್ಕಳಿಸಿ, “ರೊಕ್ಕ ಇದ್ದಿದ್ರ ನಿಮ್ಮ ಗಂಗಾವತಿಗೆ ಯಾಕ ಬರ್ತಿದ್ದೆ?” ಎಂದೆ. ಅವಳು ನಕ್ಕು ಅದನ್ನೂ ಬರೆದುಕೊಂಡಳು. ಬರೆದುಕೊಂಡದ್ದನ್ನು ನೋಡಿ ನನ್ನ ಅನುಮಾನ ಇನ್ನೂ ಹೆಚ್ಚಿತು.

ಗಂಗಾವತಿ ಏನು ದೂರ, ಒಂದು ಬಸ್ಸಿನ ದಾರಿ ಎಂದು ಕುಷ್ಟಗಿಯಲ್ಲಿರುವ ನೀವು ಹೇಳುತ್ತೀರಿ. ಬಸ್ಸಿಗೆ ಅದು ದೂರವಲ್ಲ, ನಾಲಿಗೆಗೆ ದೂರ. ನಮ್ಮಲ್ಲಿ ರೊಟ್ಟಿ ಇಲ್ಲದಿದ್ದರೆ ಊಟವೇ ಅಲ್ಲ. ಇಲ್ಲಿ ಮೂರು ಹೊತ್ತೂ ಅನ್ನ. ಕ್ಯಾಂಪ್ ಎಂದರೆ ಮಿಲಿಟರಿಯದು ಎಂದುಕೊಂಡಿದ್ದೆ. ಕಾಲುವೆ ಬಂದಾಗ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಊರುಗಳನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಅವರು ಸಂತೆಯಲ್ಲಿ ತೆಲುಗು ಮಾತಾಡಿದರೆ ನನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆ ಎನ್ನಿಸುತ್ತಿತ್ತು. ಮಾಲೀಕ ಬಾಬುಸಾಬರು ಗಾದಿ ಹೊಲಿಯುವವರು. ಅಡ್ವಾನ್ಸ್ ಬೇಡ ಎಂದಿದ್ದರಂತೆ. ಬೇಡ ಎನ್ನುವವರಿಗೆ ಬೇರೆ ಏನು ಬೇಕಿದೆಯೋ ಎಂದು ನಾನು ಬಾಗಿಲ ಚಿಲಕವನ್ನು ಎರಡೆರಡು ಸಲ ನೋಡುತ್ತಿದ್ದೆ.

ಹೆಂಡತಿ ತೀರಿದ ಮೇಲೆ ಮಗಳು ಗೌರವ್ವ ತಾನೇ ಬಂದು ನನ್ನನ್ನು ಇಲ್ಲಿಗೆ ಕರೆತಂದಳು. ಅಳಿಯ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಾನೆ. ಓಣಿಯ ಹೆಚ್ಚಿನವರೂ ಗಿರಣಿ ಕೆಲಸಕ್ಕೆ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದವರೇ. ಹತ್ತನೆಯ ತರಗತಿ ಓದಿದ ಹಿರಿಯ ನಾನೊಬ್ಬನೇ ಆದ್ದರಿಂದ, ಆ ಹುಡುಗಿಗೆ ಏನು ಹೇಳಬೇಕೆಂದು ನನ್ನನ್ನು ಕೇಳಲು ಬಂದರು. ಮಾಲೀಕರ ಮಗಳು ಶಾಹೀನಾ ಅದೇ ಪ್ರಶ್ನೆ ಹಿಡಿದು ಮನೆಮನೆ ತಿರುಗುತ್ತಿದ್ದಳು. ಬಿ.ಕಾಂ. ಕೊನೆಯ ವರ್ಷದ ಪ್ರಬಂಧವಂತೆ. ದುಡಿಯಲು ಬಂದವರು ಹೇಗೆ ಉಳಿಸುತ್ತಾರೆ, ಎಲ್ಲಿ ಇಡುತ್ತಾರೆ ಎಂದು ಬರೆಯಬೇಕಂತೆ.

“ಕಾಲೇಜಿನ್ಯಾಗ ಪುಸ್ತಕ ಇಲ್ಲೇನ ಕಾಕಾ? ನಮ್ಮ ಮನಿ ಯಾಕ ಬೇಕಾತು?” ಎಂದಳು ಪಕ್ಕದ ಮನೆಯ ಯಮನವ್ವ.

“ಇವತ್ತ ಈಕಿ ಬರಕೊಂತಾಳ, ನಾಳೆ ಯಾರರ ಬಂದು ಹೊತ್ಕೊಂಡು ಹೊಕ್ಕಾರ. ಎಲ್ಲಾರೂ ಒಂದ ಮಾತ ಹೇಳ್ರಿ: ನಾವು ಏನೂ ಉಳಸಂಗಿಲ್ಲ,” ಎಂದೆ ನಾನು.

ನಮ್ಮವರಿಗೆ ಇದನ್ನು ಕಲಿಸಬೇಕಾಗಿಯೂ ಇರಲಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವವರು ನಾವು. ಎಷ್ಟಾಯಿತು ಎಂದು ದಾರಿಹೋಕರು ಕೇಳಿದರೆ ಕಡಿಮೆಯೇ ಹೇಳುತ್ತೇವೆ. ಇದ್ದದ್ದನ್ನು ಇದ್ದಷ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎಂಬ ಭಯ. ಓಣಿ ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿತು.

ಕೆಲವು ದಿನಗಳ ಮೇಲೆ ಶಾಹೀನಾ ನಮ್ಮ ಹೊಸ್ತಿಲಲ್ಲಿ ಕುಳಿತು ಗೌರವ್ವನ ಮುಂದೆ ಅಳುತ್ತಿದ್ದಳು. “ಎಲ್ಲಾ ಮನಿಯಾಗೂ ಒಂದ ಉತ್ತರ ಹೆಂಗ ಬರ್ತೈತಿ, ನೀನ ಮನ್ಯಾಗ ಕುಂತು ತುಂಬೀದಿ ಅಂದ್ರು ಸರ್. ಪ್ರಬಂಧ ತಗೊಳ್ಳಂಗಿಲ್ಲಂತ. ಅದಿಲ್ಲಂದ್ರ ಡಿಗ್ರಿ ಇಲ್ಲಕ್ಕಾ.”

ಗೌರವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಶಾಹೀನಾಳ ಜೊತೆ ಕಾಲೇಜಿಗೆ ಹೋದೆ. “ಸಾಹೇಬ್ರ, ಓಣಿಗೆಲ್ಲಾ ಸುಳ್ಳ ಹೇಳ್ರಿ ಅಂದವ ನಾನು. ಈಕಿ ಕಳ್ಳರ ಕಡಿಯಾಕಿ ಅಂತ ತಿಳಕೊಂಡಿದ್ದೆ,” ಎಂದೆ.

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಯಜಮಾನ್ರ, ಇದನ್ನ ಹೇಳಾಕ ಈಕಿ ನಿಮಗ ಎಷ್ಟ ಕೊಟ್ಟಾಳ?”

ಜೀವನವಿಡೀ ಮಂದಿಯನ್ನು ನಾನು ನೋಡಿದ ನೋಟ ಅದು. ಈಗ ಅದು ನನ್ನ ಮೇಲೆಯೇ ಬಿದ್ದಿತ್ತು. ಕೊನೆಗೆ ಅವರು, ಇನ್ನೊಮ್ಮೆ ಮನೆಮನೆ ಕೇಳಿಕೊಂಡು ಬರಲಿ, ಆಮೇಲೆ ನೋಡೋಣ ಎಂದರು.

ಓಣಿಯವರನ್ನು ಕರೆದು, ಈಗ ಖರೆ ಹೇಳಿ ಎಂದೆ. ಯಮನವ್ವ ಸೊಂಟದ ಮೇಲೆ ಕೈ ಇಟ್ಟಳು.

“ಮೊನ್ನೆ ಹೇಳಬ್ಯಾಡ್ರಿ ಅಂದಿ, ಇವತ್ತ ಹೇಳ್ರಿ ಅಂತಿ. ಮೊದಲ ನೀ ಹೇಳ ಕಾಕಾ. ನಿಂದ ಎಲ್ಲೈತಿ?”

ಎಲ್ಲರೂ ನಕ್ಕರು. ಗೌರವ್ವ ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನ ಮುಖ ನೋಡಿ ಶಾಹೀನಾ, “ಬ್ಯಾಡ ಬಿಡ್ರಿ ಅಜ್ಜಾರ,” ಎಂದಳು.

ಬಿಡಬಹುದಿತ್ತು. ಆದರೆ ಆ ಹುಡುಗಿಯ ಕೈಯಲ್ಲಿದ್ದ ಹಾಳೆ ಖಾಲಿ ಇತ್ತು.

“ಕುಷ್ಟಗ್ಯಾಗ ಐತಿ. ಗೆಳೆಯಾನ ಕಡೆ. ಎತ್ತು ಮಾರಿದ ರೊಕ್ಕ.”

“ಯಾತಕ್ಕಂತ ಇಟ್ಟೀರಿ?” ಹಾಳೆಯಲ್ಲಿ ಮುಂದಿನ ಪ್ರಶ್ನೆ ಅದೇ ಇತ್ತು, ಶಾಹೀನಾ ಕೇಳಲೇಬೇಕಿತ್ತು.

“ಮಗಳು ಒಂದಿನ ಹೊರಗ ಹಾಕಿದ್ರ ಹೊಳ್ಳಿ ಊರಿಗೆ ಹೋಗಾಕ.”

ಮೊರದ ಸದ್ದು ನಿಂತಿತು. “ಅಂದ್ರ ನೀ ಇಲ್ಲಿ ಇರಾಕ ಬಂದಿಲ್ಲ ಯಪ್ಪಾ,” ಎಂದು ಗೌರವ್ವ ಒಳಗೆ ಹೋದಳು.

ಯಾರೂ ನಗಲಿಲ್ಲ. ಯಮನವ್ವ ಸೊಂಟದ ಮೇಲಿನ ಕೈ ತೆಗೆದು, “ಬರಕೋ ತಂಗಿ, ನಂದು ಭಿಶ್ಯಾಗ ಐತಿ,” ಎಂದಳು. ಹೆಂಗಸರು ತಿಂಗಳಿಗೊಮ್ಮೆ ಕೂಡಿ ಹಾಕಿ ಸರದಿಯ ಮೇಲೆ ಎತ್ತಿಕೊಳ್ಳುವುದಕ್ಕೆ ಭಿಶಿ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು.

ಪ್ರಬಂಧ ಒಪ್ಪಿಗೆಯಾಯಿತು. ಶಾಹೀನಾ ನನಗೆ ಓದಿ ಹೇಳಿದಳು: ಇಲ್ಲಿ ದುಡಿಯುವ ಅನೇಕರು ಉಳಿತಾಯವನ್ನು ಬಿಟ್ಟುಬಂದ ಊರಿನಲ್ಲೇ ಇಟ್ಟಿದ್ದಾರೆ ಎಂದು ಅದರಲ್ಲಿತ್ತು. ನನ್ನ ಕಾರಣ ಮಾತ್ರ ಇರಲಿಲ್ಲ. ಯಾಕೆ ಬಿಟ್ಟೆ ಎಂದರೆ, “ಅದು ಮನೀ ಮಾತು ಅಜ್ಜಾರ,” ಎಂದಳು. ಇಂಥವಳನ್ನು ನಾನು ಕಳ್ಳರ ಸಾಲಿಗೆ ಸೇರಿಸಿದ್ದೆ. ಊರಿನ ನಿಮ್ಮ ಮುಂದೆ ಇದನ್ನು ಒಪ್ಪಿಕೊಳ್ಳಬೇಕೆಂದೇ ಇಷ್ಟು ಬರೆದೆ.

ಗೌರವ್ವ ಈಗ ನನಗಾಗಿ ಎರಡು ರೊಟ್ಟಿ ಬಡಿಯುತ್ತಾಳೆ. ನಾನು ಕುಷ್ಟಗಿಗೆಂದು ಚೀಲ ಎತ್ತಿದಾಗಲೆಲ್ಲ, “ಹೊಳ್ಳಿ ಬರ್ತೀಯೋ ಇಲ್ಲೋ?” ಎನ್ನುತ್ತಾಳೆ. ಅಲ್ಲಿ ಬಸ್ಸಿಳಿದರೆ ನೀವು, “ಯಾವಾಗ ಹೋಗ್ತಿ?” ಎನ್ನುತ್ತೀರಿ. ಹೋದ ಸಲ ಆ ದುಡ್ಡನ್ನೆಲ್ಲ ತಂದು ಮಗಳ ಕೈಯಲ್ಲಿ ಇಡಬೇಕೆಂದೇ ಹೋಗಿದ್ದೆ. ಗೆಳೆಯ ಎಣಿಸಲು ಕುಳಿತ. ಅರ್ಧಕ್ಕೆ ಬಂದಾಗ, “ಸಾಕು, ಉಳಿದದ್ದು ಇಲ್ಲೇ ಇರ್ಲಿ,” ಎಂದೆ.

“ಯಾಕ, ಮಗಳ ಮ್ಯಾಲ ಇನ್ನೂ ನಂಬಿಗಿ ಇಲ್ಲೇನು?”

“ಆಕಿ ಮ್ಯಾಲ ಐತಿ. ನನ್ನ ಮ್ಯಾಲ ಇಲ್ಲ,” ಎಂದೆ.