ಶುಕ್ರವಾರದ ಸಾರಿಗೆ ಬಿದ್ದ ತುಪ್ಪ

ನನ್ನ ಕೈಯಿಂದ ಸೌಟು ಕಿತ್ತುಕೊಂಡವರು ಇಬ್ಬರೇ. ಒಬ್ಬರು ಮಂಡ್ಯದಲ್ಲಿರುವ ನಮ್ಮತ್ತೆ, ಇನ್ನೊಬ್ಬರು ಸಿಯಾಟಲ್ ಪಕ್ಕದ ಈ ಊರಿನ ಮಿರಿಯಂ. "ಅದು ಹಾಲಿನ ಕಡೆಯ ಸೌಟು! ಇದು ಮಾಂಸದ ಕಡೆಯ ಒಲೆ!" ಎಂದು ಅವರು ಇಂಗ್ಲಿಷಿನಲ್ಲಿ ಕೂಗಿದಾಗ ಬೆಪ್ಪಾಗಿ ನಿಂತೆ. ಒಂದೇ ಅಡುಗೆಮನೆಯಲ್ಲಿ ಎರಡು ಸಿಂಕು, ಎರಡು ಒಲೆ, ಎರಡು ಜೊತೆ ಪಾತ್ರೆ. ಯಹೂದಿಗಳಲ್ಲಿ ಹಾಲೂ ಮಾಂಸವೂ ಒಂದೇ ಪಾತ್ರೆಗೆ ಬೀಳುವಂತಿಲ್ಲ. ಊಟದ ಈ ಕಟ್ಟುಪಾಡಿಗೆ ಕೋಷರ್ ಎನ್ನುತ್ತಾರೆ. ಮಡಿ ಮಡಿ ಎಂದು ಹಾರಾಡುತ್ತಿದ್ದ ಅಜ್ಜಿಯ ಕೈಯಲ್ಲಿ ಬೆಳೆದ ನನಗೆ ಇದೇನು ಮಹಾ ಅಂದುಕೊಂಡೆ.

ಮಿರಿಯಂ ಇಲ್ಲಿಯ ಯಹೂದಿ ಸಮುದಾಯದ ದತ್ತಿ ಸಂಸ್ಥೆಯೊಂದರ ಮುಖ್ಯಸ್ಥೆ. ಹರೆಯದಲ್ಲಿ ಸ್ವಂತ ಕಾರಿನಲ್ಲಿ ಒಂಟಿ ಮುದುಕರ ಮನೆಗಳಿಗೆ ಸೂಪು ಹೊತ್ತು ತಿರುಗಿದವರು. ಆಮೇಲೆ ಆಫೀಸು ನೋಡಿಕೊಂಡು, ಹಿರಿಯರ ಜಗಳ ಬಿಡಿಸಿ, ದಾನಿಗಳನ್ನು ಕಾಡಿ ಬೇಡಿ, ಕೊನೆಗೆ ಇಡೀ ಸಂಸ್ಥೆಯನ್ನೇ ಹೆಗಲಿಗೇರಿಸಿಕೊಂಡರು. ನಾನೋ ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡುತ್ತ ಕೂತಿದ್ದವಳು. ಊರಲ್ಲಿ ಅಡುಗೆಮನೆ ಕಿಟಕಿಯಿಂದ ಕೂಗಿದರೆ ಮೂರು ಮನೆಯವರು ಓಗೊಡುತ್ತಿದ್ದರು. ಇಲ್ಲಿ ಗಂಡ, ಮಗಳನ್ನು ಬಿಟ್ಟರೆ ನನ್ನ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಲೈಬ್ರರಿಯಲ್ಲಿ ಪರಿಚಯವಾದ ಮಿರಿಯಂ, "ಅಡುಗೆ ಬರುತ್ತಾ? ಹಾಗಾದ್ರೆ ಬಾ" ಎಂದು ಕರೆದೊಯ್ದು ಸಂಸ್ಥೆಯ ಅಡುಗೆಮನೆಯಲ್ಲಿ ಕೆಲಸ ಕೊಟ್ಟರು. ಈ ದೇಶದಲ್ಲಿ ನಾನೂ ಒಬ್ಬಳಿದ್ದೇನೆ ಅನ್ನಿಸಿದ್ದು ಆ ಅಡುಗೆಮನೆಯಲ್ಲೇ.

ಶುಕ್ರವಾರ ಸೂರ್ಯ ಮುಳುಗಿದರೆ ಅವರಿಗೆ ಸಬ್ಬತ್, ವಿಶ್ರಾಂತಿಯ ದಿನ. ಚಳಿಗಾಲದಲ್ಲಿ ಇಲ್ಲಿಯ ಸೂರ್ಯ ಕಾಫಿ ಹೊತ್ತಿಗೇ ಗಂಟುಮೂಟೆ ಕಟ್ಟುತ್ತಾನೆ. ಹಾಗಾಗಿ ಮುದುಕರ ಊಟ ಮಧ್ಯಾಹ್ನವೇ ಹೊರಡಬೇಕು. ಕೆಲಸಕ್ಕೆ ಸೇರಿದ ಹೊಸತು. ಆ ಶುಕ್ರವಾರ ಹಟಮಾಡಿ ಅಪ್ಪಣೆ ಪಡೆದು, ಮಾಂಸದ ಕಡೆಯ ದೊಡ್ಡ ಪಾತ್ರೆಯಲ್ಲಿ ಬೇಳೆಸಾರು ಮಾಡಿದೆ. ಘಮಘಮ ಒಗ್ಗರಣೆ ಕೊಟ್ಟು, ಮಗಳನ್ನು ಸ್ಕೂಲಿಂದ ಕರೆತರಲು ಓಡಿದೆ.

ಸಂಜೆ ಮಗಳಿಗೆ ಅನ್ನ ಕಲಸುವಾಗ ತುಪ್ಪದ ಡಬ್ಬಿ ಕಾಣಲಿಲ್ಲ. ಬೆಳಿಗ್ಗೆ ಒಗ್ಗರಣೆಗೆಂದು ನಾನೇ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದೆನಲ್ಲ! ಹಾಲು, ಮೊಸರು, ಬೆಣ್ಣೆ ಎಲ್ಲವನ್ನೂ ದೂರ ಇಟ್ಟಿದ್ದೆ. ತುಪ್ಪ ಮಾತ್ರ ಹಾಲಿನ ಲೆಕ್ಕಕ್ಕೇ ಬಂದಿರಲಿಲ್ಲ. ನಮ್ಮಲ್ಲಿ ತುಪ್ಪ ತುಪ್ಪವೇ, ಅದನ್ನು ಹಾಲೆಂದು ಯಾರು ನೆನೆಯುತ್ತಾರೆ?

"ಸುಮ್ನಿರೇ, ಒಂದ್ ಚಮಚ ತುಪ್ಪಕ್ಕೆ ಯಾರಾದ್ರೂ ಕೆಲ್ಸದಿಂದ ತೆಗೀತಾರಾ?" ಅಂದರು ನಮ್ಮವರು.

"ಕೆಲ್ಸ ಹಾಳಾಗ್ಲಿ ರೀ! ಜೀವಮಾನವೆಲ್ಲ ನೇಮ ಕಾಪಾಡ್ಕೊಂಡು ಬಂದೋರ ಬಾಯಿಗೆ ನಾನು ಅದನ್ನ ಹಾಕಿಬಿಟ್ನಲ್ಲ! ನಮ್ಮಜ್ಜಿ ಮಡೀಲಿದ್ದಾಗ ಮುಟ್ಟಿ ನೋಡ್ಬೇಕಿತ್ತು ನೀವು, ಗೊತ್ತಾಗ್ತಿತ್ತು."

ಮಿರಿಯಂಗೆ ಕಾಲ್ ಮಾಡಿದೆ. ಎತ್ತಲಿಲ್ಲ. ಮೆಸೇಜು ಬಿಟ್ಟೆ, ಮತ್ತೆ ಬಿಟ್ಟೆ, ಅತ್ತುಕೊಂಡೂ ಬಿಟ್ಟೆ. "ಅಮ್ಮಾ, ಇಟ್ಸ್ ಸಬ್ಬತ್. ನಾಳೆ ಡಾರ್ಕ್ ಆಗೋವರೆಗೂ ಶೀ ವೋಂಟ್ ಟಚ್ ಹರ್ ಫೋನ್" ಎಂದಳು ಮಗಳು. ಅವಳ ಕ್ಲಾಸಿನ ಗೆಳತಿಯ ಮನೆಯಲ್ಲೂ ಹಾಗೆಯೇ ಅಂತೆ. ಆದರೂ ಸಿಟ್ಟಿನಿಂದಲೇ ಎತ್ತುತ್ತಿಲ್ಲ ಎಂದು ನನ್ನ ಹಾಳು ಮನಸ್ಸು ಹೇಳುತ್ತಿತ್ತು. ಬೇಗ ಕತ್ತಲಾಗುತ್ತದೆಂದು ದಿನಾ ಬಯ್ಯುತ್ತಿದ್ದ ಊರಲ್ಲಿ ಶನಿವಾರ ಕತ್ತಲೆಗಾಗಿ ಕಾದು ಕೂತೆ.

ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಫೋನು ಬಂತು.

"ಯಾರೂ ತಿಂದಿಲ್ಲ" ಎಂದರು ಮಿರಿಯಂ, ಹಲೋ ಕೂಡ ಅನ್ನದೆ. "ನಿನ್ನ ಡಬ್ಬಿ ಒಲೆ ಪಕ್ಕದಲ್ಲೇ ಇತ್ತು. ಸಾರನ್ನ ಹಾಗೇ ಬಿಟ್ಟು, ಫ್ರೀಜರಿನ ಸೂಪು ಬಿಸಿಮಾಡಿ ನಾನೇ ಕಾರಲ್ಲಿ ಹಂಚಿಬಂದೆ. ಮನೆಗೆ ಬರೋಷ್ಟರಲ್ಲಿ ಹೊತ್ತು ಮುಳುಗ್ತು, ನಿನಗೆ ಹೇಳೋಕಾಗಲಿಲ್ಲ. ಸಾರಿ ಕಣಮ್ಮ."

ತಪ್ಪು ನನ್ನದು, ಸಾರಿ ಅವರದು! ಅಬ್ಬಾ, ಅಷ್ಟು ಹಗುರಾಗಿದ್ದು ಈ ದೇಶಕ್ಕೆ ಬಂದಮೇಲೆ ಅದೇ ಮೊದಲು. ಆದರೂ ನಾಲಿಗೆ ತುದಿಯಲ್ಲಿದ್ದುದನ್ನು ಕೇಳಿಯೇಬಿಟ್ಟೆ: "ನಾನು ಇನ್ನು ಬರೋದು ಬೇಡವಾ?"

"ಬೇಡವಾ? ಸೋಮವಾರ ಬೇಗ ಬಾ. ಆ ಪಾತ್ರೆ ನೀರಲ್ಲಿ ಕುದಿಸಿ ಶುದ್ಧ ಮಾಡಬೇಕು. ನಾನೊಬ್ಬಳೇ ಎತ್ತೋಕಾಗಲ್ಲ."

ಸೋಮವಾರ ಅವರ ಗುರುಗಳು ಹೇಳಿದಂತೆ ಇಬ್ಬರೂ ಸೇರಿ ಕುದಿಸಿದೆವು. ಹಾಲಿನ ಕಡೆ ನನ್ನ ತುಪ್ಪಕ್ಕೊಂದು ಪುಟ್ಟ ಬಾಣಲೆಯೂ ಬಂತು. ಈ ವರ್ಷ ಮಿರಿಯಂ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ದೊಡ್ಡವರೆಲ್ಲ ಅವರು ಕಟ್ಟಿದ ಸಂಸ್ಥೆಯನ್ನು ಹೊಗಳುತ್ತಿದ್ದರೆ, ಅವರು ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಿದ್ದರು. ಎಣ್ಣೆಯ ಒಗ್ಗರಣೆಯದ್ದು.

ಹೋದ ತಿಂಗಳು ಮಂಡ್ಯಕ್ಕೆ ಹೋಗಿದ್ದೆ. ಸಾರಿಗೆ ತುಪ್ಪದ ಒಗ್ಗರಣೆ ಕೊಡಲು ಹೊರಟ ಕೈ ಗಕ್ಕನೆ ನಿಂತಿತು.

"ಯಾಕವ್ವ ನಿಂತ್ಕಂಡೆ?" ಅಂದರು ಅತ್ತೆ.

"ಇದು ಯಾವ ಕಡೆ ಪಾತ್ರೆ, ಅತ್ತೆ?"

"ನಮ್ಮನೇಲಿ ಇರೋದು ಒಂದೇ ಕಡೆ ಕಣವ್ವ. ತತ್ತಾ ಇತ್ಲಾಗೆ" ಎಂದು ಅತ್ತೆ ಸೌಟು ಕಿತ್ತುಕೊಂಡರು.