ಎಳೆಯುವ ಲಾರಿಗೆ ಸೈಲೆನ್ಸರ್ ಹಾಕಿದ್ದು

1946ರಲ್ಲಿ ನಾನು ಹಾಸನದ ಒಂದು ಖಾಸಗಿ ಮೋಟಾರು ಕಂಪನಿಯ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದೆ. ನಮ್ಮ ಬಸ್ಸುಗಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮಾಲೀಕರ ಮಾತು. ನನ್ನನ್ನು ಕೇಳಿದರೆ ಅವು ಹೆಚ್ಚಾಗಿ ದಾರಿಯಲ್ಲಿ ನಿಲ್ಲುತ್ತಿದ್ದವು. ಯುದ್ಧದ ವರ್ಷಗಳಲ್ಲಿ ಟೈರಿಲ್ಲದೆ, ಬಿಡಿಭಾಗಗಳಿಲ್ಲದೆ ಸವೆದುಹೋದ ಗಾಡಿಗಳು ಅವು. ಕೆಟ್ಟು ನಿಂತದ್ದನ್ನು ಎಳೆದು ತರಲೆಂದು ನಮ್ಮ ಮಾಲೀಕರಾದ ಮಲ್ಲಪ್ಪ ಸಾಹುಕಾರರು ಮಿಲಿಟರಿಯವರು ಮಾರಿದ ಡೀಸೆಲ್ ಲಾರಿಯೊಂದನ್ನು ಕೊಂಡು ತಂದರು. ಅದರ ಬೆನ್ನಿಗೆ ಕೈಯಲ್ಲಿ ತಿರುಗಿಸುವ ಕ್ರೇನು ಇತ್ತು. ಬಸ್ಸಿನ ಮೂತಿಗೆ ಸರಪಳಿ ಬಿಗಿದು, ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಹಿಂದಿನ ಚಕ್ರಗಳ ಮೇಲೆ ಎಳೆದುಕೊಂಡು ಬರುವುದು ಅದರ ಕೆಲಸ.

ಲಾರಿಗೆ ಬಲವೇನೋ ಇತ್ತು. ಆದರೆ ಅದರ ಸೈಲೆನ್ಸರ್ ತುಕ್ಕು ಹಿಡಿದು ತೂತು ತೂತಾಗಿತ್ತು. ಎಂಜಿನ್ ಚಾಲೂ ಮಾಡಿದರೆ ವರ್ಕ್‌ಶಾಪಿನ ತಗಡು ನಡುಗುತ್ತಿತ್ತು. ಒಂದು ಸಂತೆಯ ದಿನ ಕೊಣನೂರಿನಲ್ಲಿ ಅದರ ಸದ್ದಿಗೆ ಎತ್ತುಗಳು ಬೆದರಿ, ಗಾಡಿಯೊಂದು ಹುಚ್ಚಾಪಟ್ಟೆ ನುಗ್ಗಿ ಒಬ್ಬ ರೈತನ ಕಾಲು ಮುರಿಯಿತು. ಸದ್ದು ಅಡಗಿಸದ ಹೊರತು ಲಾರಿ ಯಾವ ಊರೊಳಕ್ಕೂ ಬರಕೂಡದೆಂದು ಅಮಲ್ದಾರರು ಕಟ್ಟಪ್ಪಣೆ ಮಾಡಿದರು. ಸಾಹುಕಾರರು ನನ್ನನ್ನು ಕರೆದು, "ಏನಾದ್ರೂ ಮಾಡಯ್ಯ, ಅದರ ಬಾಯಿ ಮುಚ್ಚಿಸು," ಎಂದರು.

ಬಾಯಿ ಮುಚ್ಚಿಸುವುದು ಸುಲಭ ಎಂದುಕೊಂಡವರಿಗೆ ಇಲ್ಲೊಂದು ಮಾತು ಹೇಳಬೇಕು. ಎಂಜಿನ್ನಿನಿಂದ ಹೊಗೆ ಕೋವಿಯಿಂದ ಗುಂಡು ಹಾರಿದ ಹಾಗೆ ಹೊರಬರುತ್ತದೆ. ಅದನ್ನು ದಾರಿಯಲ್ಲಿ ಹರಡಿ, ತಿರುಗಿಸಿ, ದಣಿಸಿ ಬಿಟ್ಟರೆ ಸದ್ದು ತಗ್ಗುತ್ತದೆ. ಹಾಗೆಂದು ವಿಪರೀತ ತಡೆದರೆ ಹೊಗೆ ಹಿಂದಕ್ಕೆ ಒತ್ತುತ್ತದೆ. ಬ್ಯಾಕ್ ಪ್ರೆಶರ್ ಎನ್ನುವುದು ಇದಕ್ಕೇ. ಆಗ ಎಂಜಿನ್ನಿಗೆ ಉಸಿರುಗಟ್ಟಿ ಬಲ ಕುಸಿಯುತ್ತದೆ. ಬಲವಿಲ್ಲದ ಎಳೆಯುವ ಲಾರಿ ಎಂದರೆ ಕೆಟ್ಟು ನಿಂತ ಇನ್ನೊಂದು ಬಸ್ಸು, ಅಷ್ಟೆ. ಮೊದಲು ಹಳೆಯ ಕಾರೊಂದರ ಸೈಲೆನ್ಸರ್ ಕಟ್ಟಿ ನೋಡಿದೆ. ಸದ್ದು ಅಡಗಿತು, ಲಾರಿಯೂ ಅಡಗಿತು. ಖಾಲಿ ಗಾಡಿ ಸಣ್ಣ ಏರು ಹತ್ತಲು ಏದುಸಿರು ಬಿಟ್ಟು ಕಪ್ಪು ಹೊಗೆ ಕಾರಿತು. ಆಮೇಲೆ ಉದ್ದನೆಯ ತಗಡಿನ ಡ್ರಮ್ಮು ಮಾಡಿಸಿ, ಅದರೊಳಗೆ ಮೈತುಂಬ ತೂತು ಕೊರೆದ ಕೊಳವೆ ಕೂರಿಸಿದೆ. ತೂತುಗಳನ್ನು ಮೂರು ಸಲ ಹೆಚ್ಚಿಸಿದ ಮೇಲೆ ಕೈಗೂಡಿತು. ಜನ ತುಂಬಿದ ಬಸ್ಸನ್ನು ಎಳೆದುಕೊಂಡು ಲಾರಿ ಏರು ಹತ್ತಿದರೂ ಕ್ಯಾಬಿನ್ನಿನಲ್ಲಿ ಮೆಲ್ಲಗೆ ಮಾತಾಡಬಹುದಿತ್ತು. ನಾನು ಬೀಗಿದೆ. ಯಾಕೆ ಬೀಗಬಾರದು, ಅಂಥದ್ದು ಆಗ ನಮ್ಮ ಸುತ್ತಮುತ್ತ ಯಾರ ಬಳಿಯೂ ಇರಲಿಲ್ಲ.

ಈಗ ನಮ್ಮ ಕಂಪನಿಯ ಒಂದು ವಾಡಿಕೆಯ ವಿಷಯ. ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟರೆ ಟಿಕೆಟ್ಟು ಕೊಂಡವರು ಇಳಿಯುತ್ತಿರಲಿಲ್ಲ. ಎಳೆಯುವ ಲಾರಿ ಬಂದು ಅವರನ್ನು ಬಸ್ಸಿನ ಸಮೇತ ಊರು ಮುಟ್ಟಿಸಬೇಕು. ಹಳೆಯ ಸೈಲೆನ್ಸರ್ ಇದ್ದಾಗ ಈ ಹಟ ಒಂದು ಫರ್ಲಾಂಗಿಗೇ ಮುಗಿಯುತ್ತಿತ್ತು. ಲಾರಿಯ ಹೊಗೆಕೊಳವೆಯ ಬಾಯಿ ನೇರ ಬಸ್ಸಿನ ಮೂತಿಗೆ. ಆ ಅಬ್ಬರ ತಾಳಲಾರದೆ ಜನ ಕಿವಿ ಮುಚ್ಚಿಕೊಂಡು, ನಮ್ಮ ವಂಶವನ್ನೆಲ್ಲ ಬೈದು, ಇಳಿದು ನಡೆಯುತ್ತಿದ್ದರು. ಹೊಸ ಸೈಲೆನ್ಸರ್ ಬಂದ ಮೇಲೆ ಯಾರೂ ಇಳಿಯಲಿಲ್ಲ. ಕೂತರು, ಹರಟಿದರು, ನಿದ್ದೆ ಮಾಡಿದರು.

ಹೊಳೆನರಸೀಪುರದ ದಾರಿಯಲ್ಲಿ ಹಾಗೆ ಎಳೆದು ತಂದ ಒಂದು ಬಸ್ಸಿನ ಮುಂಭಾಗದಲ್ಲಿ ಹೆಂಗಸೊಬ್ಬಳು ಕೋಳಿಯ ಮಂಕರಿ ಇಟ್ಟಿದ್ದಳು. ಊರು ಬಂದಾಗ ಎರಡು ಕೋಳಿ ಸತ್ತಿದ್ದವು. ಶಖೆಗೆ ಸತ್ತಿರಬೇಕೆಂದು ಕಂಡಕ್ಟರ್ ನಕ್ಕುಬಿಟ್ಟ. ಅರಕಲಗೂಡಿನ ಕಡೆಗೆ ಎಳೆದ ದಿನ ಮುದುಕನೊಬ್ಬ ತಲೆ ಸಿಡಿಯುತ್ತಿದೆಯೆಂದು ವಾಂತಿ ಮಾಡಿಕೊಂಡ. ಪಿತ್ತ ಎಂದರು. ನನಗೆ ಮಾತ್ರ ಅನುಮಾನ ಬಂತು. ಸಾಹುಕಾರರ ಬಳಿ ಹೋಗಿ, ಹೊಗೆ ಬಸ್ಸಿನೊಳಕ್ಕೆ ನುಗ್ಗುತ್ತಿರುವ ಹಾಗಿದೆ, ಕೊಳವೆಯನ್ನು ಕ್ಯಾಬಿನ್ನಿನ ಮೇಲಕ್ಕೆ ಎತ್ತಬೇಕು, ಅಲ್ಲಿಯವರೆಗೆ ಎಳೆಯುವ ಬಸ್ಸಿನಲ್ಲಿ ಜನ ಬೇಡ ಎಂದೆ.

"ಹೊಗೆ ಕಣ್ಣಿಗೇ ಕಾಣಲ್ಲ, ನೀನೊಬ್ಬ," ಎಂದರು ಸಾಹುಕಾರರು. "ಟಿಕೆಟ್ಟು ಕೊಂಡೋರನ್ನ ನಡುದಾರೀಲಿ ಇಳಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಮಳೆಗಾಲ ಕಳೀಲಿ, ನೋಡೋಣ."

ಮಳೆಗಾಲ ಕಳೆಯಲಿಲ್ಲ. ಆಷಾಢ ಮುಗಿದ ವಾರ ಚನ್ನರಾಯಪಟ್ಟಣಕ್ಕೆ ಹೊರಟ ಬಸ್ಸು ಶಾಂತಿಗ್ರಾಮ ದಾಟಿ ಮುಂದಿನ ಆಕ್ಸಲ್ ಮುರಿದು ನಿಂತಿತು. ನಾನು ಲಾರಿಯಲ್ಲಿ ಹೊರಟೆ. ಲಾರಿಯ ಡ್ರೈವರ್ ಪುಟ್ಟಸ್ವಾಮಿಯ ಮುಖ ಆ ದಿನ ಸಪ್ಪಗಿತ್ತು. ಅವನ ಮಗಳು ಗೌರಿ ಬಾಣಂತನ ಮುಗಿಸಿ, ಮೂರು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಬಾಗೂರಿನ ಗಂಡನ ಮನೆಗೆ ಅದೇ ಬಸ್ಸಿನಲ್ಲಿ ಹೊರಟಿದ್ದಳು. ಅವನೇ ಬೆಳಗ್ಗೆ ಹತ್ತಿಸಿ ಬಂದಿದ್ದ.

ಬಸ್ಸಿನ ಹತ್ತಿರ ಬಂದಾಗ ಜಡಿಮಳೆ. ಎಲ್ಲರೂ ಇಳಿಯಿರಿ, ಸಾಲುಮರದ ಕೆಳಗೆ ನಿಲ್ಲಿ, ಬೇರೆ ಬಸ್ಸು ಕಳಿಸುತ್ತೇನೆ ಎಂದೆ. ಮುಂದೆ ಕೂತಿದ್ದ ಯಜಮಾನರೊಬ್ಬರು ಜಗ್ಗಲಿಲ್ಲ. "ದುಡ್ಡು ಕೊಟ್ಟಿವ್ನಿ, ಈ ಮಳೇಲಿ ಇಳಿಯಾಕಿಲ್ಲ ಕಣಪ್ಪ. ನಿನ್ ಲಾರಿ ಸದ್ದೇ ಮಾಡಾಕಿಲ್ವಂತಲ್ಲ, ನಡೀ ಅತ್ಲಾಗೆ," ಎಂದರು. ನನಗೆ ಮೈ ಉರಿಯಿತು. ಗೌರಿಯನ್ನಾದರೂ ಕ್ಯಾಬಿನ್ನಿಗೆ ಕರೆಯೆಂದು ಪುಟ್ಟಸ್ವಾಮಿಗೆ ಹೇಳಿದೆ.

"ಬ್ಯಾಡ ಸಾ, ಇಲ್ಲಿ ಎಂಜಿನ್ ಕಾವು. ಕೂಸಿಗೆ ಆಗಾಕಿಲ್ಲ. ಅಲ್ಲೇ ಬೆಚ್ಚಗೆ ಕುಂತವ್ಳೆ," ಎಂದ.

ಕಿಟಕಿಗಳ ಟಾರ್ಪಾಲು ಪರದೆಯನ್ನು ಒಂದು ಪಕ್ಕವಾದರೂ ಎತ್ತಿ ಕಟ್ಟಿರೆಂದು ಕಂಡಕ್ಟರಿಗೆ ಗದರಿಸಿ ಲಾರಿ ಹತ್ತಿದೆ. ನಾವು ಹೊರಟ ಮೇಲೆ, ಕೂಸಿಗೆ ಇರಚಲು ಬಡಿಯುತ್ತದೆಂದು ಒಳಗಿದ್ದವರು ಅದನ್ನೂ ಇಳಿಸಿ ಬಿಗಿದರಂತೆ. ಒಳ್ಳೆಯ ಮನಸ್ಸಿನಿಂದಲೇ ಬಿಗಿದಿದ್ದರು.

ದಾರಿ ಏರುತ್ತಿತ್ತು. ನಮ್ಮ ಹಿಂದೆ ಕೂಸು ಅಳುವುದು ಕೇಳಿಸಿತು. ಇಷ್ಟು ಭಾರ ಎಳೆಯುವ ಡೀಸೆಲ್ ಲಾರಿಯಲ್ಲಿ ಕೂತವರಿಗೆ ಹಿಂದಿನ ಬಸ್ಸಿನ ಕೂಸಿನ ಅಳು ಕೇಳಿಸುವುದೆಂದರೇನು, ನೀವೇ ಯೋಚಿಸಿ. ಹಳೆಯ ಸೈಲೆನ್ಸರ್ ಇದ್ದಿದ್ದರೆ ಗುಡುಗೂ ಕೇಳಿಸುತ್ತಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಕೂಸು ಒಂದೇ ಸಮನೆ ಚೀರಿತು. ಆಮೇಲೆ ದನಿ ಸಣ್ಣಗಾಯಿತು. ಬೆಕ್ಕಿನ ಮರಿಯ ಹಾಗೆ ಒಂದೆರಡು ಸಲ ಕುಂಯ್‌ಗುಟ್ಟಿ ನಿಂತಿತು.

"ನಿದ್ದೆ ಓಯ್ತು ಸಾ," ಎಂದು ಪುಟ್ಟಸ್ವಾಮಿ ನಕ್ಕ.

ಹಿಂದೆ ಮಾತಿಲ್ಲ, ಕೆಮ್ಮಿಲ್ಲ. ನಡುಹಗಲು. ಟಿಕೆಟ್ಟಿಗಾಗಿ ಅಷ್ಟು ಜಗಳವಾಡಿದ ಯಜಮಾನರ ದನಿಯೂ ಇಲ್ಲ. ಮಂಕರಿಯಲ್ಲಿ ಕಾಲು ಚಾಚಿ ಬಿದ್ದಿದ್ದ ಕೋಳಿಗಳು ಕಣ್ಣ ಮುಂದೆ ಬಂದವು.

"ನಿಲ್ಸೋ," ಎಂದೆ.

"ಏರಲ್ಲಿ ನಿಲ್ಸುದ್ರೆ ಮತ್ತೆ ಎಳೆಯಾಕಿಲ್ಲ ಸಾ."

"ಎಳೀದಿದ್ರೆ ಹಾಳಾಗಿ ಹೋಗ್ಲಿ. ನಿಲ್ಸೋ ಮೊದ್ಲು."

ನಾನು ಧುಮುಕಿ, ಹಗ್ಗ ಬಿಚ್ಚುವ ತಾಳ್ಮೆಯಿಲ್ಲದೆ ಟಾರ್ಪಾಲನ್ನು ಚಾಕುವಿನಿಂದ ಸೀಳಿದೆ. ಬಸ್ಸಿನ ಮೂತಿ ಎತ್ತಿದ್ದರಿಂದ ಪೆಡಲುಗಳ ಸಂದಿಯೆಲ್ಲ ಲಾರಿಯ ಹೊಗೆಗೆ ಬಾಯಿ ತೆರೆದುಕೊಂಡಿತ್ತು. ಒಳಗೆ ಬಂದದ್ದಕ್ಕೆ ಹೊರಗೆ ಹೋಗುವ ದಾರಿಯಿರಲಿಲ್ಲ. ಯಜಮಾನರು ಪಕ್ಕದವನ ಹೆಗಲ ಮೇಲೆ ವಾಲಿದ್ದರು. ಒಬ್ಬಿಬ್ಬರು ನರಳುತ್ತಿದ್ದರು. ಗೌರಿಯ ತಲೆ ಕಂಬಿಗೆ ಒರಗಿತ್ತು, ಕೈ ಮಾತ್ರ ಕೂಸನ್ನು ಬಿಟ್ಟಿರಲಿಲ್ಲ. ಕೂಸಿನ ಕೆನ್ನೆ ಕೆಂಪಗೆ, ಚೆನ್ನಾಗಿ ನಿದ್ದೆಹೋದ ಮಕ್ಕಳ ಕೆನ್ನೆಯ ಹಾಗೆಯೇ ಇತ್ತು. ಅದನ್ನು ಕಂಡು ನನಗೆ ಹೆದರಿಕೆ ಇನ್ನೂ ಹೆಚ್ಚಾಯಿತು.

ಪುಟ್ಟಸ್ವಾಮಿ ಮಗಳನ್ನು ಎಳೆದುಕೊಂಡ, ನಾನು ಕೂಸನ್ನು. ಮಳೆಯಲ್ಲಿ, ಗಾಳಿಗೆ ಎದುರಾಗಿ ಹಿಡಿದು ನಿಂತೆ. ಅಂಗಾಲು ತಟ್ಟಿದೆ. ಮುಖದ ಮೇಲೆ ಮಳೆ ಸುರಿಯುತ್ತಿದ್ದರೂ ಅದು ಮುಖ ಸಿಂಡರಿಸಲಿಲ್ಲ. ಉಸಿರು ಇದೆಯೋ ಇಲ್ಲವೋ ತಿಳಿಯದು. ಬಸ್ಸಿನ ಹಿಂದಿನ ಏಣಿಯ ಮೇಲೆ ನಿಂತು ಬಂದಿದ್ದ ಕಂಡಕ್ಟರ್ ಉಳಿದವರನ್ನು ಹೊರಗೆ ಹಾಕುತ್ತಿದ್ದ. ಗೌರಿ ಕೆಸರಿನಲ್ಲಿ ಕೂತು ಕಣ್ಣುಬಿಟ್ಟವಳೇ, "ಅಪ್ಪಾ, ಮಗಾ ಎಲ್ಲಿ?" ಎಂದಳು. ಪುಟ್ಟಸ್ವಾಮಿ ನನ್ನ ಕಡೆ ನೋಡಿದ. ನಾನು ಕೂಸಿನ ಅಂಗಾಲನ್ನು ಮತ್ತೆ ತಟ್ಟಿದೆ.

ಎಷ್ಟು ಹೊತ್ತಾಯಿತೋ ಹೇಳಲಾರೆ. ಕೂಸು ಒಮ್ಮೆ ಬಿಕ್ಕಳಿಸಿತು. ಕುಡಿದ ಹಾಲನ್ನೆಲ್ಲ ನನ್ನ ಅಂಗಿಯ ಮೇಲೆ ಕಕ್ಕಿತು. ಆಮೇಲೆ ಅತ್ತಿತು.

ಚನ್ನರಾಯಪಟ್ಟಣದ ಆಸ್ಪತ್ರೆಯ ಡಾಕ್ಟರು ಎಲ್ಲರನ್ನೂ ನೋಡಿ, ಇದು ಹೊಗೆಯ ವಿಷ, ಈಗ ಯಾರ ಜೀವಕ್ಕೂ ಅಪಾಯವಿಲ್ಲ ಎಂದರು. "ಊರು ಬರಲಿ ಅಂತ ಕಾದಿದ್ದರೆ ಈ ಮಗುವನ್ನು ನನ್ನ ಹತ್ತಿರ ತರಬೇಕಾಗಿರಲಿಲ್ಲ," ಎಂದೂ ಹೇಳಿದರು. ಮರುದಿನ ಯಾರನ್ನೂ ಕೇಳದೆ ಲಾರಿಯ ಹೊಗೆಕೊಳವೆಯನ್ನು ಗರಗಸದಲ್ಲಿ ಕೊಯ್ದು, ಕ್ಯಾಬಿನ್ನಿನ ಬೆನ್ನಿಗೆ ನೆಟ್ಟಗೆ ನಿಲ್ಲಿಸಿ, ಬಾಯಿಯನ್ನು ಚಾವಣಿಗಿಂತ ಮೇಲಕ್ಕೆ ಎತ್ತಿದೆ. ಜನ ಕೂತ ಬಸ್ಸನ್ನು ಇನ್ನು ಎಳೆಯುವುದಿಲ್ಲವೆಂದು ಪುಟ್ಟಸ್ವಾಮಿ ಕೀಲಿಯನ್ನು ಸಾಹುಕಾರರ ಮೇಜಿನ ಮೇಲಿಟ್ಟ. ಅವರು ಕೀಲಿಯನ್ನು ಅವನ ಕಡೆಗೇ ತಳ್ಳಿ, "ಆಯ್ತಪ್ಪ, ಎಳೀಬೇಡ," ಎಂದರು.

ಆಮೇಲೆ ನನ್ನ ಕೈಯಲ್ಲಿ ಎಷ್ಟೋ ಗಾಡಿಗಳಿಗೆ ಸೈಲೆನ್ಸರ್ ಬಿತ್ತು. ಸದ್ದು ಎಷ್ಟು ತಗ್ಗುತ್ತದೆ, ಬಲ ಎಷ್ಟು ಉಳಿಯುತ್ತದೆ ಎಂದು ಕೇಳುವ ಮೊದಲು, ಅದರ ಬಾಯಿ ಯಾರ ಕಡೆಗಿದೆ ಎಂದು ನೋಡುವುದನ್ನು ಕಲಿತೆ. ಸದ್ದು ಅಡಗಿಸಿದರೆ ಹೊಗೆ ಅಡಗುವುದಿಲ್ಲ. ಅದರಿಂದ ಓಡಿಹೋಗಬೇಕೆಂದು ಜನಕ್ಕೆ ಹೇಳುತ್ತಿದ್ದ ದನಿಯೊಂದೇ ಅಡಗುತ್ತದೆ. ಆ ಮಗು ಬದುಕಿದ್ದೂ ಅದೇ ಸೈಲೆನ್ಸರಿನಿಂದ, ಅದರ ಅಳು ನಿಂತದ್ದು ನನಗೆ ಕೇಳಿಸಿದ್ದರಿಂದ. ಇದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ನನಗೆ ಇಂದಿಗೂ ತಿಳಿಯದು.

ದಸರೆಗೆ ಗೌರಿ ತವರಿಗೆ ಬಂದಳೆಂದು ಪುಟ್ಟಸ್ವಾಮಿ ನನ್ನನ್ನು ಊಟಕ್ಕೆ ಕರೆದಿದ್ದ. ಕೂಸು ತೊಟ್ಟಿಲಲ್ಲಿ ಮಲಗಿತ್ತು. ಉಣ್ಣುತ್ತಿದ್ದ ಪುಟ್ಟಸ್ವಾಮಿ ಎದ್ದು ಹೋಗಿ ಅದರ ಅಂಗಾಲು ತಟ್ಟಿದ. ಅದು ಎಚ್ಚೆತ್ತು ಕಿರುಚಿಕೊಂಡಿತು. ಹೆಂಡತಿ ಒಳಗಿನಿಂದ ಬೈದಳು: ದಿನಕ್ಕೆ ಎಷ್ಟು ಸಲ ಹೀಗೆ ಎಬ್ಬಿಸುತ್ತೀರಿ, ಮಲಗಲು ಬಿಡಬಾರದೇ ಎಂದು.

ಪುಟ್ಟಸ್ವಾಮಿ ಬಂದು ಎಲೆಯ ಮುಂದೆ ಕೂತ. "ಅಳ್ಲಿ ಬುಡಿ ಸಾ," ಎಂದ ನನಗೆ. "ಕೇಳುಸ್ತಾ ಇರ್ಲಿ."